ಗೇಜು ಬದಲಾಯಿಸಿದವರು

ನಮ್ಮ ತಂದೆ 1958ರಲ್ಲಿ ರೈಲ್ವೆ ಸೇರಿದಾಗ ಅವರನ್ನು ಮೊದಲು ಹಾಕಿದ್ದು ಗುಂತಕಲ್ಲಿಗೆ. ಹುಬ್ಬಳ್ಳಿ, ಬಳ್ಳಾರಿ ಕಡೆಯಿಂದ ಬರುವ ಮೀಟರ್‌ಗೇಜು, ಮದರಾಸು-ಬೊಂಬಾಯಿಯ ಬ್ರಾಡ್‌ಗೇಜು ಎರಡೂ ಅಲ್ಲಿ ಸೇರುತ್ತಿದ್ದವು. ಸೇರುತ್ತಿದ್ದವು ಎಂದರೆ ಅಕ್ಕಪಕ್ಕ ಬಂದು ನಿಲ್ಲುತ್ತಿದ್ದವು ಅಷ್ಟೆ. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಒಂದರ ಹಳಿಗಳ ನಡುವೆ ಒಂದು ಮೀಟರು, ಇನ್ನೊಂದರ ನಡುವೆ ಐದೂವರೆ ಅಡಿ. ಹಾಗಾಗಿ ಹತ್ತಿಯಾಗಲಿ, ಶೇಂಗಾ ಆಗಲಿ, ಮೀಟರ್‌ಗೇಜಿನ ವ್ಯಾಗನ್ನಿನಲ್ಲಿ ಬಂದದ್ದನ್ನು ಹಮಾಲರು ಒಂದೊಂದೇ ಮೂಟೆಯಾಗಿ ಬೆನ್ನ ಮೇಲೆ ಹೊತ್ತು ಬ್ರಾಡ್‌ಗೇಜಿನ ವ್ಯಾಗನ್ನಿಗೆ ತುಂಬಬೇಕು. ಮೂಟೆ ಅದೇ, ಒಳಗಿನ ಮಾಲು ಅದೇ, ಹೋಗಬೇಕಾದ ಊರೂ ಅದೇ. ಆದರೂ ದಿನಗಟ್ಟಲೆ ಕೆಲಸ, ಕೂಲಿ, ಒಡೆದ ಚೀಲ, ತೂಕದಲ್ಲಿ ಕೊರತೆ, ಅದಕ್ಕೊಂದು ಪಂಚಾಯಿತಿ.

ಈ ಗುಂತಕಲ್ಲು ನನ್ನ ನೆರವಿಗೆ ಬಂದದ್ದು 2000ದ ಮಾರ್ಚಿಯಲ್ಲಿ, ಕ್ಯಾಲಿಫೋರ್ನಿಯಾದ ಅರ್ವೈನ್ ಎಂಬ ಊರಿನಲ್ಲಿ. ಅಮ್ಮ ತೀರಿಕೊಂಡ ಮರುವರ್ಷ ಅಪ್ಪನನ್ನು ಆರು ತಿಂಗಳಿಗೆಂದು ನಮ್ಮಲ್ಲಿಗೆ ಕರೆಸಿಕೊಂಡಿದ್ದೆವು. ಬಂದ ಎರಡನೆಯ ದಿನವೇ ಅವರು ಕೇಳಿದರು: “ನೀನು ಅಲ್ಲಿ ಹೋಗಿ ಮಾಡೋದೇನೋ?” ನಾನು ಆಗ ಮಾಡುತ್ತಿದ್ದದ್ದು ಪೋರ್ಟಿಂಗ್. ಒಂದು ಬಗೆಯ ಕಂಪ್ಯೂಟರಿಗೆಂದು ಬರೆದ ತಂತ್ರಾಂಶವನ್ನು ಇನ್ನೊಂದು ಬಗೆಯದರ ಮೇಲೆ ಓಡುವಂತೆ ತಿದ್ದುವುದು. ಗುಂತಕಲ್ಲಿನ ಉದಾಹರಣೆ ಕೊಟ್ಟು ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, “ಅಂದರೆ ಪೋರ್ಟರ್ ಕೆಲಸಕ್ಕೆ ಅಮೆರಿಕಾವರೆಗೂ ಬಂದಿದೀಯ ಅನ್ನು” ಎಂದರು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿ ನಕ್ಕದ್ದು ನನಗೆ ಕೇಳಿಸಿತು.

ನಾನೇನೋ ಕಚೇರಿಯ ಲೆಕ್ಕಪತ್ರದ ತಂತ್ರಾಂಶಗಳನ್ನು ಹೊರುತ್ತಿದ್ದವನು. ಆದರೆ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಟಸ್ಟಿನ್ ಎಂಬ ಪಕ್ಕದ ಊರಿನಲ್ಲಿ ಇದೇ ಕೂಲಿಯನ್ನು ಇನ್ನೂ ಕಷ್ಟದ, ಇನ್ನೂ ಚೆಂದದ ಸರಕಿಗಾಗಿ ಮಾಡುತ್ತಿದ್ದ ಒಂದು ಕಂಪನಿಯಿತ್ತು. ಅದರ ಹೆಸರು ಲೋಕಿ. ಉತ್ತರ ಯೂರೋಪಿನ ಪುರಾಣಗಳಲ್ಲಿ ಬರುವ ತಂಟೆಕೋರ ದೇವರ ಹೆಸರು ಅದು. ನಮ್ಮ ನಾರದನಿಗಿಂತ ಒಂದು ಕೈ ಮೇಲೆಂದೇ ಹೇಳಬೇಕು. ಈ ಕಂಪನಿಯವರು ವಿಂಡೋಸ್‌ಗೆಂದು ಬರೆದ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ವಿಡಿಯೋ ಆಟಗಳನ್ನು ಲಿನಕ್ಸ್‌ಗೆ ತರುತ್ತಿದ್ದರು. ನಾನು ಬರೆಯಹೊರಟಿರುವುದು ಅವರ ಕಥೆ. ಅಪ್ಪನ ಕಥೆ ನಡುನಡುವೆ ನುಸುಳಿದರೆ ಓದುಗರು ಕ್ಷಮಿಸಬೇಕು. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಯಾರು ಬೇಕಾದರೂ ಮೂಲವನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ತೊಂಬತ್ತರ ದಶಕದ ಕೊನೆಗೆ ಅದು ವಿಶ್ವವಿದ್ಯಾಲಯಗಳನ್ನೂ ಇಂಟರ್‌ನೆಟ್ಟಿನ ಸರ್ವರುಗಳನ್ನೂ ಹಿಡಿದುಕೊಂಡಿತ್ತು. ಆದರೆ ಮನೆಯ ಮೇಜಿನ ಮೇಲೆ ಅದು ಬಡವ. ನಮ್ಮಂಥವರು ಲಿನಕ್ಸ್‌ನಲ್ಲಿ ಕೆಲಸ ಮುಗಿಸಿ, ಆಟವಾಡಬೇಕೆನಿಸಿದರೆ ಯಂತ್ರವನ್ನು ಆರಿಸಿ, ಮತ್ತೆ ವಿಂಡೋಸ್‌ನಲ್ಲಿ ಹೊತ್ತಿಸಬೇಕು. ಮಡಿ ಬಿಚ್ಚಿಟ್ಟು ಹೋಟೆಲಿಗೆ ಹೋಗಿ ಬಂದ ಹಾಗೆ.

ಆಟಗಳು ಇರಲೇ ಇಲ್ಲವೆಂದಲ್ಲ. ಟೆಕ್ಸಸ್ಸಿನ ಐಡಿ ಸಾಫ್ಟ್‌ವೇರ್‌ನವರ ‘ಡೂಮ್’ ಎಂಬ ಪ್ರಸಿದ್ಧ ಆಟವನ್ನು ಅಲ್ಲಿಯೇ ಇದ್ದ ಡೇವ್ ಟೇಲರ್ 1994ರಲ್ಲೇ ಲಿನಕ್ಸ್‌ಗೆ ತಂದಿದ್ದ. ಅದೇ ಕಂಪನಿಯ ಜಾನ್ ಕಾರ್ಮ್ಯಾಕ್ 1997ರ ಡಿಸೆಂಬರಿನಲ್ಲಿ ‘ಡೂಮ್’ನ ಮೂಲವನ್ನೇ ಬಿಡುಗಡೆ ಮಾಡಿಬಿಟ್ಟ. ಆದರೆ ಇವೆಲ್ಲ ಮನಸ್ಸು ಬಂದಾಗ ಹಂಚಿದ ಪ್ರಸಾದ. ಲಿನಕ್ಸ್‌ನವರಿಗೆಂದೇ ಪೆಟ್ಟಿಗೆಯಲ್ಲಿ ತುಂಬಿ, ಬೆಲೆ ಕಟ್ಟಿ, ಅಂಗಡಿಯಲ್ಲಿ ಇಟ್ಟು ಮಾರುವ ವ್ಯಾಪಾರಕ್ಕೆ ದೊಡ್ಡದಾಗಿ ಕೈಹಾಕಿದವನು ಸ್ಕಾಟ್ ಡ್ರೇಕರ್. ಆತ ಎಂಜಿನಿಯರನಲ್ಲ, ವಕೀಲ. ತಂತ್ರಾಂಶದ ಲೈಸೆನ್ಸು ಒಪ್ಪಂದಗಳನ್ನು ಬರೆದು ಪಳಗಿದವನು. 1998ರಲ್ಲಿ ಲೋಕಿಯನ್ನು ಕಟ್ಟಿದ. ಆಟದ ಒಡೆಯರಿಗೆ ಹಣ ಕೊಟ್ಟು ಲಿನಕ್ಸ್ ಹಕ್ಕು ಕೊಳ್ಳುವುದು, ಮೂಲವನ್ನು ತರಿಸಿಕೊಂಡು ಪೋರ್ಟ್ ಮಾಡುವುದು, ತಾನೇ ಪೆಟ್ಟಿಗೆಯಲ್ಲಿಟ್ಟು ಮಾರುವುದು — ಇದು ಅವನ ಲೆಕ್ಕ. ಮೊದಲ ಆಟ, ಆಕ್ಟಿವಿಷನ್‌ನವರ ‘ಸಿವಿಲೈಜೇಷನ್: ಕಾಲ್ ಟು ಪವರ್’, 1999ರ ಮೇ ತಿಂಗಳಲ್ಲಿ ಹೊರಬಂತು. ಆಮೇಲೆ ‘ಮಿಥ್ 2’, ‘ರೈಲ್‌ರೋಡ್ ಟೈಕೂನ್ 2’, ‘ಹೆರೆಟಿಕ್ 2’, ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’, ‘ಸಿಮ್‌ಸಿಟಿ 3000’, ‘ಡಿಸೆಂಟ್ 3’... ಮೂರು ವರ್ಷ ತುಂಬುವುದರೊಳಗೆ ಹದಿನೈದಕ್ಕೂ ಹೆಚ್ಚು.

ಇದು ಎಂಥ ಕೆಲಸವೆಂದು ಸ್ವಲ್ಪ ಹೇಳಬೇಕು. ವಿಂಡೋಸ್‌ನಲ್ಲಿ ಆಟ ಬರೆಯುವವನು ಚಿತ್ರ ಬಿಡಿಸಲು, ಸದ್ದು ಮಾಡಲು, ಕೀಲಿಮಣೆಯನ್ನು ಕೇಳಲು ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ಎಂಬ ಸಲಕರಣೆಯನ್ನು ಕರೆಯುತ್ತಾನೆ. ಸಾವಿರಾರು ಕಡೆ ಕರೆಯುತ್ತಾನೆ. ಲಿನಕ್ಸ್‌ನಲ್ಲಿ ಡೈರೆಕ್ಟ್‌ಎಕ್ಸ್ ಇಲ್ಲ. ಆ ಒಂದೊಂದು ಕರೆಯನ್ನೂ ಹುಡುಕಿ, ಅದು ಕೇಳುತ್ತಿರುವುದೇನೆಂದು ತಿಳಿದು, ಅದೇ ಕೆಲಸವನ್ನು ಇಲ್ಲಿಯ ವಿಧಾನದಲ್ಲಿ ಮಾಡಿಸಬೇಕು. ಇದು ದೊಡ್ಡ ಮೂಟೆ. ಹೊರುವವನಿಗೆ ಮೊದಲೇ ಕಾಣುತ್ತದೆ. ಬೆನ್ನು ಮುರಿಯುವುದು ಸಣ್ಣವು. ವಿಂಡೋಸ್‌ನಲ್ಲಿ ಫೈಲಿನ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದರೂ ಒಂದೇ, ಸಣ್ಣ ಅಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲುಗಳು. ಹೀಗಾಗಿ ಆಟ ಶುರುವಾಗಿ, ಚೆನ್ನಾಗಿ ನಡೆದು, ಹದಿಮೂರನೆಯ ಮಜಲಿನಲ್ಲಿ ಒಂದು ಬಾಗಿಲು ತೆರೆದ ಕೂಡಲೆ ಸತ್ತು ಬೀಳುತ್ತದೆ. ಬಾಗಿಲಿನ ಚಿತ್ರದ ಹೆಸರನ್ನು ಯಾರೋ ಒಂದು ಕಡೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ದೊಡ್ಡಕ್ಷರ ಸಣ್ಣಕ್ಷರಗಳ ಗೊಡವೆಯೇ ಇಲ್ಲದ ಲಿಪಿಯಲ್ಲಿ ಅಕ್ಷರ ಕಲಿತ ನನಗೆ ಈ ತೊಂದರೆಯ ಮೇಲೆ ಯಾವಾಗಲೂ ಸ್ವಲ್ಪ ವಿಶೇಷ ಕೋಪ.

ಇನ್ನೊಂದು, ವೇಗಕ್ಕಾಗಿ ನಡುವೆ ಸೇರಿಸಿದ ಅಸೆಂಬ್ಲಿ ಭಾಷೆಯ ಸಾಲುಗಳು. ಮೈಕ್ರೋಸಾಫ್ಟ್ ಕಂಪೈಲರಿನ ಪದ್ಧತಿಯಲ್ಲಿ ‘ಎಲ್ಲಿಗೆ’ ಎನ್ನುವುದು ಮೊದಲು, ‘ಎಲ್ಲಿಂದ’ ಎನ್ನುವುದು ಆಮೇಲೆ. ಲಿನಕ್ಸ್ ಕಂಪೈಲರು ಬಳಸುವ ರೂಢಿಯಲ್ಲಿ ಅದು ತಿರುಗಾಮುರುಗ. ಸಾಲುಸಾಲನ್ನೂ ತಲೆಕೆಳಗು ಮಾಡಬೇಕು, ಒಂದನ್ನು ಮರೆತರೆ ಬಂತು ಗ್ರಹಚಾರ. ಇವೆಲ್ಲಕ್ಕಿಂತ ಹೆಚ್ಚಿನದು, ಮಲಗಿದ್ದ ತಪ್ಪುಗಳು ಏಳುವುದು. ವಿಂಡೋಸ್‌ನಲ್ಲಿ ಅದೃಷ್ಟದಿಂದ ನಡೆದುಹೋಗುತ್ತಿದ್ದ ಮೂಲಲೇಖಕನ ತಪ್ಪು ಹೊಸ ಯಂತ್ರದಲ್ಲಿ ಎದ್ದು ಕುಳಿತುಕೊಳ್ಳುತ್ತದೆ. ಆಗ ನೋಡುವವರು ಬೈಯುವುದು ಹೊತ್ತು ತಂದವನನ್ನು. ಒಡೆದ ಚೀಲ ಹುಬ್ಬಳ್ಳಿಯಲ್ಲೇ ಒಡೆದಿದ್ದರೂ ದೂರು ಗುಂತಕಲ್ಲಿನ ಹಮಾಲನ ಮೇಲೆ.

ಲೋಕಿಯವರ ಬುದ್ಧಿವಂತಿಕೆ ಕಾಣುವುದು ಇಲ್ಲಿ. ಸ್ಯಾಮ್ ಲ್ಯಾಂಟಿಂಗಾ ಎಂಬ ಯುವಕ 1998ರಲ್ಲಿ ಎಸ್‌ಡಿಎಲ್ ಎಂಬ ಒಂದು ತೆಳ್ಳಗಿನ ಪದರವನ್ನು ಬರೆದಿದ್ದ. ಆಟ ಅದನ್ನು ಮಾತನಾಡಿಸಿದರೆ ಸಾಕು. ಕೆಳಗೆ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಲ್ಯಾಂಟಿಂಗಾ ಲೋಕಿಗೆ ಬಂದು ಅಲ್ಲಿಯ ಮುಖ್ಯ ಪ್ರೋಗ್ರಾಮರನಾದ. ಎಸ್‌ಡಿಎಲ್ ಆ ಕಂಪನಿಯ ಎಲ್ಲ ಕೆಲಸದ ಬೆನ್ನೆಲುಬಾಯಿತು. ಸದ್ದಿಗಾಗಿ 2000ದಲ್ಲಿ ಕ್ರಿಯೇಟಿವ್ ಲ್ಯಾಬ್ಸ್ ಜೊತೆಗೂಡಿ ಓಪನ್‌ಎಎಲ್ ಎಂಬುದನ್ನು ತಂದರು. ಆಟಗಳನ್ನು ದುಡ್ಡಿಗೆ ಮಾರಿದರೇ ಹೊರತು ಈ ಸಲಕರಣೆಗಳನ್ನು ಬಚ್ಚಿಡಲಿಲ್ಲ. ಮೂಲಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಯ ಜಾನ್ ಹಾಲ್ ಎಂಬಾತ ಲಿನಕ್ಸ್‌ನಲ್ಲಿ ಆಟ ಬರೆಯುವುದು ಹೇಗೆಂದು 2001ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅಟ್ಲಾಂಟಾದಲ್ಲಿ 1999ರ ಅಕ್ಟೋಬರಿನಲ್ಲಿ ಇವರೊಂದು ಸ್ಪರ್ಧೆ ನಡೆಸಿದ್ದರು: ‘ಸಿವಿಲೈಜೇಷನ್’ ಆಟದ ಮೂಲವನ್ನು ಸ್ಪರ್ಧಿಗಳ ಕೈಗೆ ಕೊಟ್ಟು, 48 ಗಂಟೆಯಲ್ಲಿ ನಿಮಗೆ ತೋಚಿದಂತೆ ಬದಲಾಯಿಸಿ ಎಂದರು. ವ್ಯಾಪಾರದ ಆಟದ ಮೂಲವನ್ನು ಹಾಗೆ ಹೊರಗಿನವರ ಕೈಗೆ ಕೊಡುವುದು ಆಗಿನ ಕಾಲಕ್ಕೆ ಊಹಿಸಲಾಗದ್ದು.

ಅಪ್ಪನಿಗೆ ಅರ್ವೈನ್ ಬೇಸರವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಕಾರಿಲ್ಲದೆ ಹೊರಗೆ ಕಾಲಿಡುವಂತಿಲ್ಲದ ಊರು. ಶನಿವಾರ ನಾನು ಫುಲರ್ಟನ್ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದೆ. ಉದ್ದುದ್ದ ಗೂಡ್ಸ್ ಗಾಡಿಗಳು ಅಲ್ಲಿ ಹಾಯುತ್ತವೆ. ಅಪ್ಪ ವ್ಯಾಗನ್ ಎಣಿಸುವರು, “ಇವರದ್ದು ನಾಲ್ಕಡಿ ಎಂಟೂವರೆ ಇಂಚು, ನಮ್ಮದಕ್ಕಿಂತ ಕಮ್ಮಿ” ಎಂದು ಸಮಾಧಾನ ಮಾಡಿಕೊಳ್ಳುವರು. ವಾರದ ಉಳಿದ ದಿನಗಳಿಗೆ ಏನು ಮಾಡುವುದು? ಒಂದು ಸಂಜೆ ಅಂಗಡಿಯಲ್ಲಿ ಲೋಕಿಯ ‘ರೈಲ್‌ರೋಡ್ ಟೈಕೂನ್ 2’ ಕಣ್ಣಿಗೆ ಬಿತ್ತು. ಪಾಪ್‌ಟಾಪ್ ಎಂಬ ಸಣ್ಣ ಕಂಪನಿಯವರು 1998ರಲ್ಲಿ ಮಾಡಿದ ಆಟ. ನಕ್ಷೆಯ ಮೇಲೆ ಹಳಿ ಹಾಕುವುದು, ಸ್ಟೇಷನ್ ಕಟ್ಟುವುದು, ಎಂಜಿನ್ ಕೊಳ್ಳುವುದು, ಕಲ್ಲಿದ್ದಲು, ಟಪಾಲು, ಪ್ರಯಾಣಿಕರನ್ನು ಸಾಗಿಸಿ ದುಡ್ಡು ಮಾಡುವುದು. ಹಿನ್ನೆಲೆಗೆ ಗಿಟಾರು ಮೀಟುತ್ತ ಬ್ಲೂಸ್ ಸಂಗೀತ. ಕೊಂಡು ತಂದೆ.

ಮೌಸು ಹಿಡಿಯುವುದನ್ನು ಕಲಿಯಲು ಅಪ್ಪನಿಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ನಾನು ಕಚೇರಿಯಿಂದ ಬಂದಾಗ ಕಿಡಿಕಿಡಿಯಾಗಿದ್ದರು. “ಏನೋ ಇದು, ಸಿಗ್ನಲ್ಲೇ ಇಲ್ಲ!” ನಿಜ. ಆ ಆಟದಲ್ಲಿ ಸಿಗ್ನಲ್ ಇಲ್ಲ. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬಂದರೆ ಒಂದು ನಿಲ್ಲುತ್ತದೆ, ಇನ್ನೊಂದು ಅದರ ಮೈಯೊಳಗಿಂದಲೇ ಭೂತದ ಹಾಗೆ ಹಾದುಹೋಗುತ್ತದೆ. ಆಡುವವರಿಗೆ ರಗಳೆ ಬೇಡವೆಂದು ಮಾಡಿದ ಸೌಲಭ್ಯ ಅದು. ಆದರೆ ಸಿಂಗಲ್ ಲೈನಿನಲ್ಲಿ, ಪಕ್ಕದ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆದು, ಯಂತ್ರದಿಂದ ಉರುಳಿ ಬಿದ್ದ ಟೋಕನ್ ಚೆಂಡನ್ನು ಡ್ರೈವರನ ಕೈಗೆ ತಲುಪಿಸದೆ ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಗಾಡಿಯನ್ನೂ ಬಿಡದ ಮನುಷ್ಯ ಇದನ್ನು ಹೇಗೆ ಸಹಿಸಿಯಾರು? “ಟೋಕನ್ ಇಲ್ಲದೆ ಗಾಡಿ ಬಿಡೋದುಂಟೇನೋ? ಸಸ್ಪೆಂಡ್ ಮಾಡ್ತಾರೆ” ಎಂದರು. “ಇದು ಆಟ, ಅಪ್ಪ. ನೀವು ಡಿಕ್ಕಿ ಆಗುತ್ತೆ ಅಂತ ಹೆದರಬೇಡಿ.” “ಡಿಕ್ಕಿ ಆಗದೆ ಇದ್ದರೆ ಸರಿ ಅಂತಲೇನು?”

ಅವರು ಕಂಡುಕೊಂಡ ಪರಿಹಾರ, ಎಲ್ಲ ಕಡೆಯೂ ಜೋಡಿ ಹಳಿ. ಅಪ್ ಒಂದು, ಡೌನ್ ಒಂದು. ಗಾಡಿ ಕೊಳ್ಳುವ ಮೊದಲು ಡಬ್ಲಿಂಗ್ ಕೆಲಸ ಮುಗಿಯಬೇಕು. ಪರಿಣಾಮವಾಗಿ ಅವರ ಕಂಪನಿಗೆ ಬೆಟ್ಟದಷ್ಟು ಸಾಲ, ಓಡಿಸಲು ಎರಡೋ ಮೂರೋ ಗಾಡಿ. ಪ್ರತಿ ರಾತ್ರಿ ಆಟವನ್ನು ಉಳಿಸಿ, ಆ ಫೈಲಿಗೆ ತಾವು ಕೆಲಸ ಮಾಡಿದ ಊರಿನ ಹೆಸರು ಕೊಡುತ್ತಿದ್ದರು. ಅರಸೀಕೆರೆ, ಬೀರೂರು, ಸಕಲೇಶಪುರ. ಆಗಸ್ಟಿನಲ್ಲಿ ಊರಿಗೆ ಹೊರಟಾಗ ಅಂಥ ಹನ್ನೊಂದು ಫೈಲುಗಳು ನನ್ನ ಯಂತ್ರದಲ್ಲಿ ಉಳಿದವು. ವಿಮಾನ ನಿಲ್ದಾಣದ ದಾರಿಯಲ್ಲಿ ಟಸ್ಟಿನ್ ಬೋರ್ಡು ಕಂಡಾಗ, “ನಿಮ್ಮ ಆಟ ಹೊತ್ತು ತಂದವರು ಇರೋದು ಈ ಊರಲ್ಲೇ” ಎಂದೆ. “ನೋಡಿ ಬರಬಹುದಿತ್ತಲ್ಲೋ, ಸಿಗ್ನಲ್ ವಿಷಯ ಹೇಳಬೇಕಿತ್ತು” ಎಂದರು. ಸಿಗ್ನಲ್ ಬಿಟ್ಟವರು ಇವರಲ್ಲ, ಮೂಲದವರು ಎಂದು ನಾನು ಹೇಳಲು ಹೋಗಲಿಲ್ಲ.

ಅಷ್ಟರಲ್ಲಾಗಲೇ ಲೋಕಿಯ ಲೆಕ್ಕ ತಪ್ಪಿತ್ತು. ಯಾಕೆ ತಪ್ಪಿತು ಎಂಬುದರ ಬಗ್ಗೆ ಆಮೇಲೆ ಬಹಳ ಜನ ಬಹಳ ಬರೆದರು. ಆಡಳಿತ ಸರಿಯಿರಲಿಲ್ಲವೆಂದರು, ಲಿನಕ್ಸ್ ಜನಕ್ಕೆ ಎಲ್ಲವೂ ಪುಕ್ಕಟೆ ಬೇಕು ಎಂದರು. ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ; ಮುಂದೆ ಅದು ಸುಳ್ಳೆಂದೂ ಸಾಬೀತಾಯಿತು. ನನಗೆ ಕಾಣುವ ಕಾರಣ ಹೆಚ್ಚು ಸರಳ. ಮೂಟೆ ಇಳಿಸಿ ತುಂಬಲು ಹೊತ್ತು ಹಿಡಿಯುತ್ತದೆ. ವಿಂಡೋಸ್ ಆಟ ಅಂಗಡಿಗೆ ಬಂದ ತಿಂಗಳುಗಟ್ಟಲೆ ಆದಮೇಲೆ ಲಿನಕ್ಸ್ ಪೆಟ್ಟಿಗೆ ಬರುತ್ತದೆ. ಅಷ್ಟರಲ್ಲಿ ಹಳೆಯದರ ಬೆಲೆ ಇಳಿದಿರುತ್ತದೆ. ಲಿನಕ್ಸ್ ಇರುವವನ ಮನೆಯಲ್ಲಿ ಸಾಮಾನ್ಯವಾಗಿ ವಿಂಡೋಸೂ ಇರುತ್ತದೆ. ಆಟದ ಹುಚ್ಚಿದ್ದವನು ಅಷ್ಟು ದಿನ ಕಾಯುವುದಿಲ್ಲ. ಹಕ್ಕಿಗೆ ಕೊಟ್ಟ ಹಣ ಮಾತ್ರ ಮೊದಲೇ ಹೋಗಿರುತ್ತದೆ.

ನಾನೂ ಕಾಯಲಿಲ್ಲ. 1999ರ ಡಿಸೆಂಬರಿನಲ್ಲಿ ‘ಕ್ವೇಕ್ 3 ಅರೀನಾ’ ಬಂತು. ಲೋಕಿಯವರು ಅದರ ಲಿನಕ್ಸ್ ಆವೃತ್ತಿಯನ್ನು ತಗಡಿನ ಚೆಂದದ ಡಬ್ಬಿಯಲ್ಲಿಟ್ಟು ಮಾರಿದರು. ನಾನು ಅದಕ್ಕಿಂತ ಮೊದಲೇ ವಿಂಡೋಸ್ ಪೆಟ್ಟಿಗೆ ಕೊಂಡಿದ್ದೆ. ಐಡಿಯವರು ಲಿನಕ್ಸ್‌ನಲ್ಲಿ ಓಡುವ ಫೈಲುಗಳನ್ನು ಇಂಟರ್‌ನೆಟ್ಟಿನಲ್ಲೂ ಇಟ್ಟಿದ್ದರಿಂದ ಅವನ್ನು ಇಳಿಸಿಕೊಂಡು, ಹಳೆಯ ತಟ್ಟೆಯ ಜೊತೆ ಸೇರಿಸಿ, ಲಿನಕ್ಸ್‌ನಲ್ಲೇ ಆಡಿದೆ. ಕಾನೂನಿನಲ್ಲಿ ತಪ್ಪೇನಿಲ್ಲ. ಲೋಕಿಗೆ ಮಾತ್ರ ನನ್ನಿಂದ ಒಂದು ಕಾಸೂ ಹುಟ್ಟಲಿಲ್ಲ. ಕಚೇರಿಯಲ್ಲಿ ಲಿನಕ್ಸ್ ಪರವಾಗಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದವನು ನಾನು. ಆ ತಗಡಿನ ಡಬ್ಬಿಯನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಇಟ್ಟು ಬಂದದ್ದು ನೆನಪಿದೆ.

2001ರ ಆಗಸ್ಟಿನಲ್ಲಿ ಲೋಕಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಆ ವರ್ಷ ಆ ಇಡೀ ರಾಜ್ಯದಲ್ಲೇ ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ಉರುಳುತ್ತಿದ್ದವು, ಇದೊಂದೇ ಅಲ್ಲ. ನವೆಂಬರಿನ ಒಂದು ಶುಕ್ರವಾರ ನಮ್ಮ ಕಚೇರಿಯಲ್ಲೂ ನನ್ನನ್ನು ಸೇರಿಸಿ ಮೂವತ್ತು ಜನಕ್ಕೆ ಕಾಗದ ಕೊಟ್ಟರು. ಎಚ್-1ಬಿ ವೀಸಾದ ಮೇಲಿದ್ದವನಿಗೆ ಕೆಲಸ ಹೋಯಿತೆಂದರೆ ಅಲ್ಲಿರುವ ಹಕ್ಕೂ ಹೋದಂತೆ. ಅರವತ್ತು ದಿನದ ವಾಯಿದೆ ಎಂಬುದೆಲ್ಲ 2017ರ ನಂತರದ್ದು. ಸೋಫಾ ಮಾರಿದೆವು, ಕಾರನ್ನು ಕೇಳಿದ ಬೆಲೆಗೆ ಕೊಟ್ಟೆವು. 2002ರ ಜನವರಿಯಲ್ಲಿ ಮೈಸೂರಿಗೆ ಬಂದಿಳಿದೆವು. ಅದೇ ತಿಂಗಳ 31ಕ್ಕೆ ಲೋಕಿಯೂ ಬಾಗಿಲು ಹಾಕಿತು. ಸುದ್ದಿಯನ್ನು ನಾನು ಓದಿದ್ದು ಸರಸ್ವತಿಪುರದ ಒಂದು ಸೈಬರ್ ಕೆಫೆಯಲ್ಲಿ ಕೆಲಸದ ಅರ್ಜಿಗಳನ್ನು ಕಳಿಸುತ್ತ ಕುಳಿತಿದ್ದಾಗ. ನನ್ನ ಸ್ಥಿತಿಯಲ್ಲಿ ಇನ್ನೊಬ್ಬರಿಗಾಗಿ ಮರುಗುವಷ್ಟು ಬಿಡುವಿರಲಿಲ್ಲ. ಆದರೂ ತಗಡಿನ ಡಬ್ಬಿ ಕಣ್ಣ ಮುಂದೆ ಬಂದುಹೋಯಿತು.

ಕಂಪನಿ ಹೋಯಿತು, ಅದರ ಜನ ಹೋಗಲಿಲ್ಲ. ಈ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಇದೇ. ಲೋಕಿಯಲ್ಲಿ ಕೆಲಸ ಮಾಡಿದ್ದ ರಯಾನ್ ಗಾರ್ಡನ್ ಎಂಬಾತ ಒಬ್ಬನೇ ಕುಳಿತು ವರ್ಷಗಟ್ಟಲೆ ಪೋರ್ಟಿಂಗ್ ಮುಂದುವರಿಸಿದ. ‘ಅನ್‌ರಿಯಲ್ ಟೂರ್ನಮೆಂಟ್ 2004’ ಬಂದಾಗ ಲಿನಕ್ಸ್ ಆವೃತ್ತಿ ವಿಂಡೋಸ್ ಪೆಟ್ಟಿಗೆಯ ಒಳಗೇ ಇತ್ತು. ಬೇರೆ ಡಬ್ಬಿ ಇಲ್ಲ, ಕಾಯುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಮೈಕೆಲ್ ಸಿಮ್ಸ್ ಎಂಬಾತ 2001ರಲ್ಲೇ ಲಿನಕ್ಸ್ ಗೇಮ್ ಪಬ್ಲಿಷಿಂಗ್ ಎಂಬ ಕಂಪನಿ ತೆರೆದು ಲೋಕಿಯ ದಾರಿಯಲ್ಲೇ ಹತ್ತು ವರ್ಷ ಏಗಿದ. 2010ರ ಮೇ ತಿಂಗಳಲ್ಲಿ ಕೆಲವು ಸಣ್ಣ ಆಟಗಾರಿಕೆಯವರು ಸೇರಿ ‘ಹಂಬಲ್ ಇಂಡಿ ಬಂಡಲ್’ ಎಂದು ಐದಾರು ಆಟಗಳ ಕಟ್ಟನ್ನು, ನಿಮಗೆ ತೋಚಿದಷ್ಟು ಕೊಡಿ ಎಂದು ಮಾರಾಟಕ್ಕಿಟ್ಟರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಆಟಗಳು. ಹತ್ತು ಲಕ್ಷ ಡಾಲರಿಗೂ ಮೀರಿ ಹಣ ಬಂತು. ಸರಾಸರಿ ಲೆಕ್ಕ ಹಾಕಿದರೆ ತಲೆಗೆ ಅತಿ ಹೆಚ್ಚು ಕೊಟ್ಟವರು ಲಿನಕ್ಸ್‌ನವರು! ಪುಕ್ಕಟೆ ಜನವೆಂಬ ಅಪವಾದ ಅಂದಿಗೆ ತೊಳೆದುಹೋಯಿತು. ಕೊಡಬೇಕಾದ ಹೊತ್ತಿನಲ್ಲಿ ಕೊಡದವನ ತಪ್ಪಿನ ಅರಿವೂ ಆ ಸರಾಸರಿಯಲ್ಲಿ ಸ್ವಲ್ಪ ಸೇರಿತ್ತೆಂದು ನನ್ನ ಗುಮಾನಿ. ನಾನಂತೂ ನೂರು ಡಾಲರು ಕೊಟ್ಟೆ.

ಲ್ಯಾಂಟಿಂಗಾ ಬ್ಲಿಜ್ಜಾರ್ಡ್ ಎಂಬ ದೊಡ್ಡ ಕಂಪನಿಗೆ ಹೋಗಿ, ಅಲ್ಲಿಂದ 2012ರಲ್ಲಿ ವ್ಯಾಲ್ವ್ ಸೇರಿದ. ಇಂಟರ್‌ನೆಟ್ಟಿನ ಮೂಲಕ ಆಟ ಮಾರುವ ‘ಸ್ಟೀಮ್’ ಅಂಗಡಿಯ ಒಡೆಯರು ಈ ವ್ಯಾಲ್ವ್. ಅದರ ಮುಖ್ಯಸ್ಥ ಗೇಬ್ ನ್ಯೂವೆಲ್‌ಗೆ ವಿಂಡೋಸ್ 8 ಬರುವ ಹೊತ್ತಿಗೆ ದಿಗಿಲು ಹತ್ತಿತ್ತು. ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಉಳಿದವರನ್ನು ಹೊರಗಟ್ಟಿದರೆ ಗತಿಯೇನು? ಆತನಿಗೆ ತಪ್ಪಿಸಿಕೊಳ್ಳಲು ಒಂದು ಹಿತ್ತಿಲ ಬಾಗಿಲು ಬೇಕಿತ್ತು, ಅದು ಲಿನಕ್ಸ್ ಆಯಿತು. ಆ ಬೇಸಿಗೆಯಲ್ಲೇ ಅವರು ತಮ್ಮ ‘ಲೆಫ್ಟ್ 4 ಡೆಡ್ 2’ ಆಟವನ್ನು ಲಿನಕ್ಸ್‌ನಲ್ಲಿ ಓಡಿಸಿ, ಅದೇ ಯಂತ್ರದಲ್ಲಿ ಸೆಕೆಂಡಿಗೆ ವಿಂಡೋಸ್‌ನಲ್ಲಿ 270 ಚಿತ್ರ, ಲಿನಕ್ಸ್‌ನಲ್ಲಿ 315 ಎಂದು ಪ್ರಕಟಿಸಿದರು. 2013ರ ಫೆಬ್ರವರಿ 14ರಂದು ಲಿನಕ್ಸ್‌ಗೆ ಸ್ಟೀಮ್ ಅಧಿಕೃತವಾಗಿ ಬಂತು. ಎರಡು ವರ್ಷದ ನಂತರ ‘ಸ್ಟೀಮ್ ಮಷೀನ್’ ಎಂದು ಪೆಟ್ಟಿಗೆಗಳನ್ನು ಮಾರಲು ಹೋಗಿ ಕೈಸುಟ್ಟುಕೊಂಡರು. ಕಾರಣ ಹಳೆಯದೇ. ಎಷ್ಟು ಹಮಾಲರನ್ನು ಹಚ್ಚಿದರೂ ಸಾವಿರಾರು ಆಟಗಳನ್ನು ಕೈಯಿಂದ ಹೊತ್ತು ತೀರುವಂತಿರಲಿಲ್ಲ.

ಆಗ ಅವರು ಮೂಟೆ ಇಳಿಸುವುದನ್ನೇ ಬಿಟ್ಟರು. ಗೇಜು ಬೇರೆಯಾದ ಕಡೆ ಇನ್ನೊಂದು ಉಪಾಯವಿದೆ, ಅಪ್ಪನೇ ಹೇಳಿದ್ದು. ಅಗಲ ಹಳಿಯ ಗಾಡಿಯ ಬೆನ್ನ ಮೇಲೆ ಸಣ್ಣ ಹಳಿಯ ತುಂಡು ಹಾಕಿ, ಸಣ್ಣ ವ್ಯಾಗನ್ನನ್ನು ಮಾಲಿನ ಸಮೇತ ಅದರ ಮೇಲೆ ಹತ್ತಿಸುವುದು. ಕಂಪ್ಯೂಟರಿನಲ್ಲಿ ಇದನ್ನು ಮಾಡುವ ವೈನ್ ಎಂಬ ತಂತ್ರಾಂಶವನ್ನು ಸ್ವಯಂಸೇವಕರು 1993ರಿಂದ ಬರೆಯುತ್ತಲೇ ಇದ್ದರು. ಅದರ 1.0 ಆವೃತ್ತಿ ಬಂದದ್ದು 2008ರಲ್ಲಿ. ಹದಿನೈದು ವರ್ಷ! ವಿಂಡೋಸ್ ಆಟ ತಾನು ವಿಂಡೋಸ್‌ನಲ್ಲೇ ಇದ್ದೇನೆಂದು ನಂಬಿ ಡೈರೆಕ್ಟ್‌ಎಕ್ಸ್ ಅನ್ನು ಕರೆಯುತ್ತದೆ, ನಡುವೆ ಕುಳಿತ ದುಭಾಷಿ ಅದನ್ನು ಲಿನಕ್ಸ್ ಮಾತಿಗೆ ತಿರುಗಿಸುತ್ತಾನೆ. ಫಿಲಿಪ್ ರೆಬೋಲೆ ಎಂಬಾತ ತಾನು ಮೆಚ್ಚಿದ ಒಂದೇ ಒಂದು ಜಪಾನಿ ಆಟ ಲಿನಕ್ಸ್‌ನಲ್ಲಿ ನಡೆಯಲಿ ಎಂಬ ಆಸೆಗೆ ಡಿಎಕ್ಸ್‌ವಿಕೆ ಎಂಬ ಹೊಸ ದುಭಾಷಿ ಪದರವನ್ನು ಬರೆಯತೊಡಗಿದ. ಅದು ಅಚ್ಚರಿಯ ವೇಗದಲ್ಲಿ ಕೆಲಸ ಮಾಡಿತು. ವ್ಯಾಲ್ವ್ ಇವೆಲ್ಲವನ್ನೂ ಒಂದು ಗಂಟು ಕಟ್ಟಿ 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಬಿಟ್ಟಿತು. ಮೊದಲ ದಿನ 27 ಆಟಗಳಿಗೆ ಮಾತ್ರ ಭರವಸೆ. ಕೆಲವೇ ವರ್ಷಗಳಲ್ಲಿ ಸಾವಿರಾರು. 2022ರ ಫೆಬ್ರವರಿಯಲ್ಲಿ ಬಂದ ಅವರ ಕೈಯಲ್ಲಿ ಹಿಡಿಯುವ ಸ್ಟೀಮ್ ಡೆಕ್ ಯಂತ್ರದ ಒಳಗಿರುವುದು ಲಿನಕ್ಸೇ. ಅದರಲ್ಲಿ ಆಡುವ ಮಕ್ಕಳಿಗೆ ಆ ಹೆಸರು ಗೊತ್ತಿರಬೇಕಾಗಿಯೂ ಇಲ್ಲ.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ದುಭಾಷಿ ಚೆನ್ನಾಗಿ ಮಾತಾಡತೊಡಗಿದ ಮೇಲೆ ಲಿನಕ್ಸ್‌ಗೆಂದೇ ಪೋರ್ಟ್ ಮಾಡಿಸುವ ಗೋಜಿಗೆ ಹೋಗುವವರು ಕಡಿಮೆಯಾದರು. ‘ರಾಕೆಟ್ ಲೀಗ್’ ಎಂಬ ಜನಪ್ರಿಯ ಆಟದವರು ಇದ್ದ ಲಿನಕ್ಸ್ ಆವೃತ್ತಿಯನ್ನೇ 2020ರ ಮಾರ್ಚಿಯಲ್ಲಿ ನಿಲ್ಲಿಸಿದರು. ಎಸ್‌ಡಿಎಲ್ ಮಾತ್ರ ಎಲ್ಲ ಕಡೆಯೂ ಇದೆ. ಲೋಕಿ ಬಿಟ್ಟುಹೋದ ಆಸ್ತಿ ಅದು. ಬೆನ್ನ ಮೇಲೆ ಹೊತ್ತು ತಂದ ಆಟಗಳ ಗತಿ ಏನಾಯಿತೆಂದು ನನಗೆ ತಿಳಿದದ್ದು ಮೊನ್ನೆ, 2023ರಲ್ಲಿ.

ಅಪ್ಪ 2009ರಲ್ಲಿ ತೀರಿಕೊಂಡರು. ಅವರ ಟ್ರಂಕಿನಲ್ಲಿ ರೈಲ್ವೆಯ ಕಾಗದಗಳ ನಡುವೆ ಒಂದು ಸಿಡಿ ಇತ್ತು. ಊರಿಗೆ ಹೊರಡುವಾಗ ನಾನೇ ಅರ್ವೈನಿನ ಯಂತ್ರದ ಫೈಲುಗಳನ್ನೆಲ್ಲ ಬರೆದುಕೊಂಡಿದ್ದು. ಅವರ ಹತ್ತಿರ ಹೇಗೆ ಹೋಯಿತೋ! ಕೋವಿಡ್ ಮುಗಿದು ಮನೆ ಖಾಲಿ ಮಾಡುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಅರಸೀಕೆರೆ, ಬೀರೂರು, ಸಕಲೇಶಪುರ ಎಲ್ಲವೂ ಅದರಲ್ಲಿದ್ದವು. ಲೋಕಿಯ ಆಟದ ತಟ್ಟೆಯೂ ಪೆಟ್ಟಿಗೆಯ ಸಮೇತ ನನ್ನಲ್ಲಿತ್ತು. ಈಗಿನ ಲಿನಕ್ಸ್‌ನಲ್ಲಿ ಹಾಕಿದೆ. ಓಡಲಿಲ್ಲ. ಆ ಆಟ ನೆಚ್ಚಿಕೊಂಡ ಹಳೆಯ ಲೈಬ್ರರಿಗಳು ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ಬದಲಾಗಿದ್ದವು, ಕೆಲವು ಇಲ್ಲವೇ ಇಲ್ಲ. ಯಂತ್ರ 32ರಿಂದ 64 ಬಿಟ್ಟಿಗೆ ಬಂದಾಗಿತ್ತು. ಸದ್ದು ಹೊರಡಿಸುವ ವಿಧಾನವೇ ಬೇರೆಯಾಗಿತ್ತು. ಬೇಸರದಿಂದ ಸ್ಟೀಮ್‌ನಲ್ಲಿ ಹುಡುಕಿದರೆ ಅದೇ ಆಟದ ವಿಂಡೋಸ್ ಆವೃತ್ತಿ ಒಂದು ಹೋಟೆಲ್ ಊಟದ ಬೆಲೆಗೆ ಸಿಕ್ಕಿತು. ಪ್ರೋಟಾನ್‌ನಲ್ಲಿ ಗುಂಡಿ ಒತ್ತಿದ ಕೂಡಲೆ ಗಿಟಾರು ಸಮೇತ ಶುರುವಾಯಿತು. ಲಿನಕ್ಸ್‌ಗೆಂದೇ ಮೈಮುರಿದು ತಂದದ್ದು ಲಿನಕ್ಸ್‌ನಲ್ಲಿ ಓಡದು. ಲಿನಕ್ಸ್‌ನ ಹೆಸರನ್ನೂ ಕೇಳದೆ ಬರೆದದ್ದು ಓಡುತ್ತದೆ. ಟಸ್ಟಿನ್ನಿನಲ್ಲಿ ರಾತ್ರಿಯೆಲ್ಲ ಕುಳಿತು ಅಸೆಂಬ್ಲಿ ಸಾಲುಗಳನ್ನು ತಲೆಕೆಳಗು ಮಾಡಿದವರಿಗೆ ಇದನ್ನು ಹೇಗೆ ಹೇಳುವುದು?

ಹಟ ಬಂತು. ಕಂಪ್ಯೂಟರಿನೊಳಗೆ ಒಂದು ನಕಲಿ ಕಂಪ್ಯೂಟರನ್ನು ಮಾಡಿ, ಅದರಲ್ಲಿ 2002ರ ಒಂದು ಹಳೆಯ ರೆಡ್ ಹ್ಯಾಟ್ ಲಿನಕ್ಸ್ ಹಾಕಿ, ಅದರೊಳಗೆ ಲೋಕಿಯ ತಟ್ಟೆಯನ್ನು ಕೂರಿಸಿದೆ. ನಾಲ್ಕು ಭಾನುವಾರ ಹಿಡಿಯಿತು. ಕೊನೆಗೆ ಆಟ ತೆರೆದುಕೊಂಡಿತು. ಸಂಗೀತ ಬರಲಿಲ್ಲ, ಅದನ್ನು ಸರಿಮಾಡುವ ತಾಳ್ಮೆಯೂ ಉಳಿದಿರಲಿಲ್ಲ. ಸಕಲೇಶಪುರ ಎಂಬ ಫೈಲನ್ನು ಒತ್ತಿದೆ. ಅಮೆರಿಕದ ನಕ್ಷೆಯ ಮೇಲೆ ಊರಿಂದೂರಿಗೆ ಅಪ್ಪ ಹಾಕಿದ ಹಳಿಗಳು ಬಂದವು.

ಹಿಂದೆ ನಿಂತು ನೋಡುತ್ತಿದ್ದ ನನ್ನ ಮಗಳು, “ಇಷ್ಟು ಉದ್ದ ಟ್ರ್ಯಾಕ್ ಹಾಕಿ ಬರೀ ಎರಡೇ ಟ್ರೇನು ಯಾಕಪ್ಪಾ?” ಎಂದಳು.

“ದುಡ್ಡೆಲ್ಲ ಎರಡನೇ ಲೈನಿಗೇ ಹೋಯ್ತು ಕಣೆ” ಎಂದೆ. “ನಿಮ್ಮ ತಾತ ಟೋಕನ್ ಇಲ್ಲದೆ ಗಾಡಿ ಬಿಡುತ್ತಿರಲಿಲ್ಲ.”